ತಡವಾಗಿ ಹಾರುತ್ತಿದ್ದ ಕಿಡಿ

ಸೀಮೆಎಣ್ಣೆಯ ವಾಸನೆ ನನಗೆ ಹೊಸತಲ್ಲ. ಶಿರಿಯ ಹೊಳೆಯ ಬದಿಯಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವವನ ಅಂಗಿಗೂ ಅನ್ನದ ಬಟ್ಟಲಿಗೂ ಅದೇ ವಾಸನೆ. ಆದರೆ ಈ ಸಲ ಮಳೆಗಾಲ ಮುಗಿದ ಮೇಲೆ ಪಕ್ಕದ ಮನೆಯ ಅತ್ತಿಗೆ ನನ್ನ ಶೆಡ್ಡಿಗೆ ತರಿಸಿದ ಇಂಜಿನ್ನಿನ ಮೇಲಿಂದ ಗೋಣಿ ಎತ್ತಿದಾಗ ಬಂದದ್ದು ಬೇರೆ. ಹಳೇ ಸೀಮೆಎಣ್ಣೆ, ಉಪ್ಪು, ಬೀಡಿ... ಅಣ್ಣ ಬೆನ್ನ ಹಿಂದೆ ನಿಂತ ಹಾಗಾಯಿತು. ತಿರುಗಿ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಅಣ್ಣ ಎಂದರೆ ಅತ್ತಿಗೆಯ ಗಂಡ. ನನಗೆ ರಕ್ತಸಂಬಂಧವಿಲ್ಲ, ಎರಡು ಮನೆಗೂ ಬೇಲಿ ಒಂದೇ ಆದ್ದರಿಂದ ಅಣ್ಣ. ಕೆಲವು ವರ್ಷಗಳ ಹಿಂದೆ ಒಬ್ಬರೇ ಬಲೆ ಬಿಡಲು ಹೋದವರು ಬರಲಿಲ್ಲ. ದೋಣಿ ಸಿಕ್ಕಿತು, ಇಂಜಿನ್ ಸಿಕ್ಕಿತು, ಅವರು ಸಿಗಲಿಲ್ಲ. ಹೋದವರ ಹೆಸರಲ್ಲಿ ಬೊಜ್ಜ, ಅಂದರೆ ಉತ್ತರಕ್ರಿಯೆಯ ಊಟ, ಮಾಡಿ ಮುಗಿಸುವ ಎಂದು ನೆಂಟರು ಎಷ್ಟು ಹೇಳಿದರೂ ಅತ್ತಿಗೆ ಕಿವಿಗೆ ಹಾಕಿಕೊಂಡಿರಲಿಲ್ಲ. ಈ ವರ್ಷ ತಾವಾಗಿಯೇ ಬಂದು ಹೇಳಿದರು.

"ಇದೊಂದು ಸರಿ ಮಾಡಿ ಕೊಡು. ಮಾರುವ. ಮತ್ತೆ ಬೊಜ್ಜ ಮಾಡುವ."

ಅಣ್ಣ ತನ್ನ ಇಂಜಿನ್ನಿನ ಟೈಮಿಂಗಿಗೆ ಯಾರನ್ನೂ ಕೈಹಾಕಲು ಬಿಡುತ್ತಿರಲಿಲ್ಲ. ಕಿಡಿ ಹಾರಬೇಕಾದ ಗಳಿಗೆಗಿಂತ ಒಂದು ಚೂರು ತಡವಾಗಿ ಹಾರುವಂತೆ ಇಟ್ಟಿದ್ದರು. ಯಾಕೆಂದು ಕೇಳಿದರೆ ನಕ್ಕರು. "ನಿನ್ನ ಇಂಜಿನೆಲ್ಲ ಒಂದೇ ರಾಗ ಮಾರಾಯ. ಮನೆಯವಳಿಗೆ ನನ್ನ ಗುರ್ತ ಸಿಗುದು ಬೇಡ್ವಾ?" ಗುರ್ತ ಸಿಗುತ್ತಿತ್ತು. ಓಡುತ್ತ ಓಡುತ್ತ ನಡುವೆ ಉಗುಳು ನುಂಗಿದ ಹಾಗೆ ಒಂದು ಶಬ್ದ. ಸಮುದ್ರದಿಂದ ಹೊಳೆಯ ಅಳಿವೆಯೊಳಗೆ ಬಂದ ಕೂಡಲೇ ಇಂಜಿನ್ನಿನ ವೇಗವನ್ನು ಎರಡು ಸಲ ತಗ್ಗಿಸಿ ಏರಿಸುತ್ತಿದ್ದರು. ಅದು ಕೇಳಿದ ಮೇಲೆಯೇ ಅತ್ತಿಗೆ ಗಂಜಿಗೆ ಅಕ್ಕಿ ತೊಳೆಯುತ್ತಿದ್ದರು. ಅಣ್ಣ ದೋಣಿ ಎಳೆದು ಕಟ್ಟಿ, ಕಾಲು ತೊಳೆದು ಜಗಲಿ ಹತ್ತುವಾಗ ಗಂಜಿ ಬೆಂದಿರುತ್ತಿತ್ತು.

ಇಂಜಿನ್ ಬಿಚ್ಚಿ ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಕಾಯಿಲ್ ಹಾಕಿ ಕಟ್ಟಿದೆ. ನೀರಿನ ಡ್ರಮ್ಮಿನಲ್ಲಿ ಇಳಿಸಿ, ಫ್ಲೈವೀಲ್ ಚಕ್ರದ ಮೇಲಿನ ಕಂಪೆನಿಯ ಗುರುತಿಗೆ ಸರಿಯಾಗಿ ಟೈಮಿಂಗ್ ಕೂರಿಸಿ ಹಗ್ಗ ಎಳೆದರೆ, ಅದು ಹಗ್ಗವನ್ನೇ ನನ್ನ ಕೈಯಿಂದ ಹಿಂದಕ್ಕೆ ಕಿತ್ತುಕೊಂಡಿತು. ಅಂಗೈ ಚರ್ಮ ಸುಲಿಯಿತು. ಮತ್ತೆ ಎಳೆದೆ, ಕಾರ್ಬೊರೇಟರಿನಿಂದ ಸೀನಿತು. ಪ್ಲಗ್ ನೋಡಿದೆ, ಪಾಯಿಂಟ್ ನೋಡಿದೆ, ಫ್ಲೈವೀಲಿನ ಕೀ ತುಂಡಾಗಿದೆಯೋ ಎಂದು ತೆಗೆದು ನೋಡಿದೆ. ಎಲ್ಲ ಸರಿ ಉಂಟು. ಎಲ್ಲ ಸರಿ ಇದ್ದೂ ಹೀಗಾಗುವುದು ನನಗೆ ಸಿಟ್ಟು ಬರುವ ವಿಷಯ. ಮರುದಿನ ಎಣ್ಣೆ ಹಾಕಿ ಉಜ್ಜುವಾಗ ಗೊತ್ತಾಯಿತು, ಆ ಫ್ಲೈವೀಲೇ ಈ ಇಂಜಿನ್ನಿನದ್ದಲ್ಲ. ಅಣ್ಣ ಎಲ್ಲಿಂದಲೋ ಬೇರೆ ತಂದು ಕೂರಿಸಿದ್ದರು. ಅದರ ಮೇಲಿನ ಕಂಪೆನಿ ಗುರುತನ್ನು ನಂಬಿದ್ದೇ ನನ್ನ ತಪ್ಪು. ತುಕ್ಕಿನ ಅಡಿಯಲ್ಲಿ ಅವರು ಅರದಿಂದ ಎಳೆದ ಗೆರೆಯೊಂದು ಇತ್ತು.

ಆ ಗೆರೆಗೆ ಕೂರಿಸಿದೆ. ಒಂದೇ ಎಳೆತಕ್ಕೆ ಹೊತ್ತಿಕೊಂಡಿತು.

ಅದೇ ಶಬ್ದ. ಒಳಗಿರುವುದೆಲ್ಲ ಹೊಸತು, ಶಬ್ದ ಮಾತ್ರ ಅವರದ್ದು. ದೈವಕ್ಕೆ ಕೈಮುಗಿಯುವವನೇ ಹೊರತು ದೆವ್ವಕ್ಕೆ ಹೆದರುವವನಲ್ಲ ನಾನು. ಆದರೆ ಕೈ ಒರೆಸುತ್ತ ದೂರ ನಿಂತಿದ್ದಾಗ, ಯಾರೂ ಮುಟ್ಟದೆಯೇ ಇಂಜಿನ್ ತಗ್ಗಿತು, ಏರಿತು. ಮತ್ತೊಮ್ಮೆ ತಗ್ಗಿ ಏರಿತು. ಎಣ್ಣೆಯ ಪೈಪಿನಲ್ಲಿ ಗಾಳಿ ಸಿಕ್ಕಿರಬೇಕು. ಮೂರನೆಯ ಸಲ ತಗ್ಗೀತೇನೋ ಎಂದು ಕಾದೆ, ತಗ್ಗಲಿಲ್ಲ.

ತಲೆಯೆತ್ತಿದರೆ ಬೇಲಿಯ ಬಳಿ ಅತ್ತಿಗೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದೆ ಹೊಳೆಯ ಕಡೆಗೆ ನೋಡುತ್ತಿದ್ದರು. ಒದ್ದೆ ಕೈಯಲ್ಲಿ ಅಕ್ಕಿಯ ಕಾಳುಗಳು ಅಂಟಿಕೊಂಡಿದ್ದವು. ನಾನು ಇಂಜಿನ್ ನಿಲ್ಲಿಸಿದೆ.

"ಅಕ್ಕಿ ತೊಳೆದೆ ಮಾರಾಯ," ಎಂದರು. "ಇಬ್ಬರಿಗೆ."

ಕೈಯ ಕಾಳುಗಳನ್ನು ಸೆರಗಿಗೆ ಒರೆಸಿಕೊಂಡು ಅವರೇ ಮತ್ತೆ ಹೇಳಿದರು. "ಈ ಶಬ್ದ ತೆಗೆ. ಬೇರೆಯವರ ದೋಣಿಯಲ್ಲಿ ಇದು ಬಂದ್ರೆ ನಾನು ದಿನಾ ಅಕ್ಕಿ ಇಡ್ಬೇಕಾಗ್ತದೆ."

ಅಣ್ಣನ ಗೆರೆಯಿಂದ ಒಂದು ಕೂದಲೆಳೆಯಷ್ಟು ಮುಂದೆ ಸರಿಸಿ ಬಿಗಿದೆ. ಇಂಜಿನ್ ಉಗುಳು ನುಂಗುವುದನ್ನು ಬಿಟ್ಟಿತು, ಬೇರೆಲ್ಲ ಇಂಜಿನ್ನುಗಳ ಹಾಗೆ ನುಣ್ಣಗೆ ಓಡಿತು. ಒಳ್ಳೆಯ ಕೆಲಸವೇ, ಆದರೆ ಮಾಡುವಾಗ ಅಳು ಬಂತು.

ಮೊಗ್ರಾಲಿನವರೊಬ್ಬರು ಅದನ್ನು ಕೊಂಡುಹೋದರು. ಬೊಜ್ಜವೂ ಆಯಿತು, ನಾನು ಹೋಗಿ ಉಂಡು ಬಂದೆ. ಈಗ ಆ ಮೊಗ್ರಾಲಿನವರು ಮೀನು ಮಾರಲು ಈ ಕಡೆಯೇ ಬರುತ್ತಾರಂತೆ. ಅಷ್ಟು ದೋಣಿಗಳ ನಡುವೆ ಅಣ್ಣನ ಇಂಜಿನ್ ಯಾವುದೆಂದು ನನಗೆ ಗೊತ್ತಾಗುವುದಿಲ್ಲ... ಆದರೂ ದೋಣಿಗಳು ಅಳಿವೆ ಸೇರುವ ಹೊತ್ತಿಗೆ ನನ್ನ ಕೈಯ ಸ್ಪ್ಯಾನರ್ ನಿಲ್ಲುತ್ತದೆ. ಬೇಲಿಯಾಚೆ ಪಾತ್ರೆಯ ಸದ್ದೂ ನಿಲ್ಲುತ್ತದೆ. ಎಲ್ಲ ದೋಣಿ ದಾಟಿದ ಮೇಲೆ ಇಬ್ಬರೂ ಮತ್ತೆ ಕೆಲಸಕ್ಕೆ ತೊಡಗುತ್ತೇವೆ.