ಪಾಕೀಟಿಗೆಲ್ಲಿಯ ಕೊಸರು

ಚಹಾಪುಡಿಯ ಪಾಕೀಟು ಕತ್ತರಿಸಿ ಡಬ್ಬಿಗೆ ಸುರಿದೆ. ಪುಡಿಯ ವಾಸನೆ ಮೂಗಿಗೆ ಬಡಿಯಿತು. ಡಬ್ಬಿ ಮಾತ್ರ ತುಂಬಲಿಲ್ಲ. ಅದೇ ಡಬ್ಬಿ, ಅದೇ ಬಣ್ಣದ ಪಾಕೀಟು, ಬೆಲೆಯೂ ಅದೇ. ಹೋದ ಸಲ ಕುತ್ತಿಗೆಯವರೆಗೆ ಬಂದಿದ್ದ ಪುಡಿ ಈ ಸಲ ಅದರ ಕೆಳಗೇ ನಿಂತಿತು. ಒಬ್ಬಳ ಚಹಾಕ್ಕೆ ಅಷ್ಟು ಸಾಕು, ನಿಜ. ಆದರೂ ಡಬ್ಬಿ ನೋಡುತ್ತ ನಿಂತಾಗ ಖಾಲಾ ನೆನಪಾದಳು...

ಸುರಪುರದಲ್ಲಿ ನಮ್ಮ ಓಣಿಯ ತುದಿಗೆ, ತನ್ನ ಮನೆಯ ಮುಂದಿನ ಕೋಣೆಯಲ್ಲೇ ಆಕೆ ಕಿರಾಣಿ ಅಂಗಡಿ ಇಟ್ಟಿದ್ದಳು. ಆಕೆಯ ತಂಗಿಯ ಮಕ್ಕಳು ಖಾಲಾ, ಅಂದರೆ ದೊಡ್ಡಮ್ಮ, ಎನ್ನುತ್ತಿದ್ದರು. ಓಣಿಯೆಲ್ಲ ಅದನ್ನೇ ಹಿಡಿಯಿತು. ಬೆಲ್ಲ, ಬೇಳೆ ಏನೇ ಇರಲಿ, ತಕ್ಕಡಿ ಸಮವಾದ ಮೇಲೂ ಇನ್ನೊಂದಿಷ್ಟು ಹಾಕುವಳು. ಅದು ಕೊಸರು. ಬಾಯಿ ಬಿಗಿದ ಪಾಕೀಟುಗಳು ಬಂದಾಗ ಆಕೆಗೆ ಪೇಚಾಯಿತು. "ಇದರಾಗ ಕೊಸರು ಎಲ್ಲಿ ಹಾಕ್ಲಿ?" ಎನ್ನುತ್ತಿದ್ದಳು. ಕೊನೆಗೆ ಪಾಕೀಟು ಕೊಟ್ಟು, ನಮ್ಮ ಅಂಗೈಗೆ ನಾಲ್ಕು ಪುಟಾಣಿ ಕಾಳು ಹಾಕತೊಡಗಿದಳು. ಪಾಕೀಟು ಚೀಲಕ್ಕೆ ಹೋಗುವಷ್ಟರಲ್ಲಿ ನಮ್ಮ ಕೈ ತಾನಾಗಿಯೇ ಮುಂದೆ ಬಂದಿರುತ್ತಿತ್ತು.

ಒಂದು ದಿನ ನಾನು ಅಂಗಡಿಯಲ್ಲಿದ್ದಾಗಲೇ ಎದುರುಮನೆಯಾಕೆ ಬಂದು, ಚಹಾಪುಡಿಯ ಖಾಲಿ ಪಾಕೀಟನ್ನು ಖಾಲಾಳ ಮುಂದೆ ಒಗೆದಳು.

"ಖಾಲಾ, ನನ್ನ ಡಬ್ಬಿ ತುಂಬವಲ್ದು. ಬಿಚ್ಚಿ ಒಂದಿಷ್ಟು ತಕ್ಕೊಂಡು ಮತ್ತ ಅಂಟಸ್ತೀಯೇನ? ನಾಕು ಪುಟಾಣಿ ಕೊಟ್ಟು ನಮ್ಮ ಬಾಯಿ ಮುಚ್ಚಸ್ತಿ."

ಖಾಲಾ ಜಗಳಕ್ಕೆ ಹೋಗಲಿಲ್ಲ. ಹಿಂದಿನ ಮಾಲಿನಲ್ಲಿ ಉಳಿದಿದ್ದ ಪಾಕೀಟೊಂದನ್ನು ಹುಡುಕಿ ತಕ್ಕಡಿಯ ಒಂದು ತಟ್ಟೆಗೆ, ಹೊಸದನ್ನು ಇನ್ನೊಂದಕ್ಕೆ ಇಟ್ಟಳು. ಹಳೆಯದು ಕೆಳಗಿಳಿಯಿತು, ಹೊಸದು ಮೇಲೆ ನಿಂತಿತು. ಎದುರುಮನೆಯಾಕೆ ತನ್ನ ಖಾಲಿ ಪಾಕೀಟು ಎತ್ತಿಕೊಂಡು ಹೋದಳು. ಖಾಲಾ ಆ ಪಾಕೀಟುಗಳನ್ನು ತಕ್ಕಡಿಯಿಂದ ತೆಗೆಯಲೇ ಇಲ್ಲ. ಬೇಳೆ ತೂಗಲು ತಕ್ಕಡಿ ಇಲ್ಲದಾಗಿ ಕೈಯಂದಾಜಿನಲ್ಲಿ ಕೊಡತೊಡಗಿದಳು. ಆ ಅಂದಾಜು ಯಾವಾಗಲೂ ನಮ್ಮ ಕಡೆಗೇ ವಾಲುತ್ತಿತ್ತು.

ಮಾಲು ಹಾಕಲು ಬಂದ ಕಂಪನಿಯ ಏಜೆಂಟ ತಕ್ಕಡಿ ನೋಡಿ ಬೆವರಿದ.

"ಇದನ್ನ ತಗೀ ಖಾಲಾ. ಮ್ಯಾಲಿನವ್ರು ನೋಡಿದ್ರ ನನ್ನ ನೌಕರಿ ಹೋಗ್ತದ. ತೂಕ ಪಾಕೀಟಿನ ಹಿಂದ ಬರದಾರ, ಸುಳ್ಳೇನಿಲ್ಲ."

"ಬರದಾರ ಬೇಟಾ, ಇರುವಿ ಓದ್ಲಿ ಅಂತ."

"ಮಾಲ್ ಬಂದ್ ಮಾಡ್ತಾರ ನೋಡು."

"ಮಾಡ್ಲಿ. ಇದನ್ನ ತಗದ್ರ ಕದ್ದಾಕಿ ನಾನೇ ಅಂತ ಆಗ್ತದ. ನೀ ಚಾ ಕುಡದು ಹೋಗು."

ಅವನು ಚಹಾ ಕುಡಿದೇ ಹೋದ. ಮುಂದಿನ ವಾರದಿಂದ ಕಂಪನಿಯ ವ್ಯಾನು ಅಂಗಡಿಯ ಮುಂದೆ ನಿಲ್ಲಲಿಲ್ಲ. ಆ ಕಂಪನಿಯ ಸಾಬೂನು, ಬಿಸ್ಕೀಟು ಬೇಕಾದವರು ಬಜಾರಿಗೆ ಹೋದರು; ಹೋದವರು ಬೇಳೆ ಬೆಲ್ಲವನ್ನೂ ಅಲ್ಲಿಂದಲೇ ತಂದರು. ಎದುರುಮನೆಯಾಕೆ ಮಾತ್ರ ಒಂದು ಸಂಜೆ ಬಂದಳು. ವಾಲಿದ ತಕ್ಕಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಏನೂ ಕೊಳ್ಳದೆ ಕೈ ಚಾಚಿದಳು. ಖಾಲಾ ಪುಟಾಣಿ ಹಾಕಿದಳು.

ಆಮೇಲೆ ಅಂಗಡಿ ಮುಚ್ಚಿ ಆಕೆ ಶಹಾಪುರಕ್ಕೆ, ಮಗಳ ಮನೆಗೆ ಹೋದಳು. ಅಲ್ಲಿ ತೀರಿಕೊಂಡ ಸುದ್ದಿ ನಮಗೆ ಬಹಳ ತಡವಾಗಿ ಮುಟ್ಟಿತು... ಆ ಕೋಣೆಯಲ್ಲಿ ಈಗ ಯಾರದೋ ಮೋಟಾರ್‌ಸೈಕಲ್ ನಿಲ್ಲುತ್ತದೆ.

ಈ ಪಾಕೀಟನ್ನು ನಿನ್ನೆ ಬಸ್‌ಸ್ಟ್ಯಾಂಡ್ ಕಡೆಯ ದೊಡ್ಡ ಅಂಗಡಿಯಿಂದ ತಂದೆ. ಅಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಮಷೀನು ಟಿಕ್ ಎನ್ನುತ್ತದೆ, ಅಷ್ಟೇ. ಫೋನಿನಿಂದ ಹಣ ಕೊಟ್ಟು ಪಾಕೀಟನ್ನು ಚೀಲಕ್ಕೆ ಹಾಕಿಕೊಂಡೆ. ಬಿಲ್ಲು ಹಾಕುವ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಇನ್ನೇನರ ಬೇಕಿತ್ತೇನ್ರಿ?"

ಆಗ ನೋಡಿಕೊಂಡೆ. ನನ್ನ ಬಲಗೈ, ಅಂಗೈ ಮೇಲಾಗಿ, ಅವಳ ಮುಂದೆ ಚಾಚಿಯೇ ಇತ್ತು.

"ಏನಿಲ್ಲವ್ವ," ಎಂದು ಹಿಂದಕ್ಕೆ ತೆಗೆದುಕೊಂಡೆ.