ಮುಖ ಕಾಣದ ಇಸ್ಪೀಟು

ಮಾವನ ಬಲಗೈ ತೋರುಬೆರಳಿಗೆ ತುದಿಯಿರಲಿಲ್ಲ. ಉಗುರಿನ ಭಾಗವನ್ನು ಕುದುರೆಯೊಂದು ಕಚ್ಚಿಕೊಂಡು ಹೋಗಿತ್ತು. ಉಳಿದ ಮೋಟು ಹುಣಸೆಬೀಜದ ಹಾಗೆ ನಯವಾಗಿ ಹೊಳೆಯುತ್ತಿತ್ತು. ಆದ್ದರಿಂದ ಅವರು ಎಲ್ಲವನ್ನೂ ನಡುಬೆರಳಿನಿಂದಲೇ ಮಾಡುತ್ತಿದ್ದರು. ಪೇಪರಿನ ಹಾಳೆ ತಿರುಗಿಸುವುದು, ಹಣೆಗೆ ವಿಭೂತಿ ಇಟ್ಟುಕೊಳ್ಳುವುದು, ಆಮೇಲಾಮೇಲೆ ಕಂಪ್ಯೂಟರಿನ ಮೌಸು ಒತ್ತುವುದು ಕೂಡ. ಯಾರಾದರೂ ಆ ಕುದುರೆಯನ್ನು ಬೈದರೆ ಅವರು ಒಪ್ಪುತ್ತಿರಲಿಲ್ಲ. "ಅದರ ತಪ್ಪೇನಿಲ್ಲ ಕಣ್ರೀ. ಅವತ್ತು ಅವಸರದಲ್ಲಿದ್ದೋನು ನಾನು," ಅನ್ನುತ್ತಿದ್ದರು.

ಅವರು ನನ್ನ ಅಮ್ಮನ ತಮ್ಮ. ಹೆಬ್ಬಾಳದ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಹಾಯಕರಾಗಿದ್ದರು. ಡಾಕ್ಟರು ಚುಚ್ಚುವಾಗ, ಕೊಯ್ಯುವಾಗ, ಹೊಲಿಯುವಾಗ ಪ್ರಾಣಿಯನ್ನು ಅಲುಗಾಡದಂತೆ ಹಿಡಿದುಕೊಳ್ಳುವುದು ಅವರ ಕೆಲಸ. ಚಿಕ್ಕಬಾಣಾವರದಲ್ಲಿ, ರೈಲು ಹಳಿಗೆ ಬೆನ್ನು ಮಾಡಿ ನಿಂತಿದ್ದ ಅವರ ಮನೆಗೆ ಅಪ್ಪ ತೀರಿಕೊಂಡ ವರ್ಷ ಅಮ್ಮ ನನ್ನನ್ನು ಕಳಿಸಿದಳು. ಅವಳು ತುಮಕೂರಿನಲ್ಲಿ ಕೆಲಸಕ್ಕಿದ್ದಳು. ಮಾವ, ಅತ್ತೆಗೆ ಮಕ್ಕಳಿರಲಿಲ್ಲ. ನಾನು ಬಂದ ದಿನ ಮಾವ ಶರ್ಟಿನ ಜೇಬಿನಿಂದ ಒಂದು ಚೂರು ಬೆಲ್ಲ ತೆಗೆದು ಕೊಟ್ಟರು. ಹಸು, ಕುದುರೆಗಳಿಗೆಂದು ಅವರು ಸದಾ ಇಟ್ಟುಕೊಳ್ಳುತ್ತಿದ್ದ ಬೆಲ್ಲ ಅದು ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಸುತ್ತಲಿನ ಜನಕ್ಕೆ ಅವರು 'ಡಾಕ್ಟ್ರು'. ಹೆಸರಘಟ್ಟ ರಸ್ತೆಯ ಎರಡೂ ಕಡೆ ಕಟ್ಟಡಗಳು ಏಳುತ್ತಿದ್ದ ಕಾಲ. ಆದರೂ ಆ ಕಟ್ಟಡಗಳ ಸಂದಿಯಲ್ಲಿ ಶೀಟು ಹೊದಿಸಿದ ಕೊಟ್ಟಿಗೆಗಳು ಉಳಿದಿದ್ದವು. ಭಾನುವಾರ ಬಂದರೆ ಯಾರಾದರೊಬ್ಬರು ಗೇಟಿನಲ್ಲಿ ನಿಂತಿರುತ್ತಿದ್ದರು. "ಡಾಕ್ಟ್ರೇ" ಎಂದು ಕರೆದರೆ ಮಾವ ಮೊದಲು ಆ ಮಾತನ್ನು ತಿದ್ದುತ್ತಿದ್ದರು. "ಡಾಕ್ಟ್ರಲ್ಲಪ್ಪಾ, ನಾನು ಹಿಡ್ಕೊಳೋನು ಅಷ್ಟೆ." ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು. ದುಡ್ಡು ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ಅವರಿಗೆ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುವ ಹುಚ್ಚು ಹಚ್ಚಿದವಳು ನಾನು. ಅವರು ನಿವೃತ್ತರಾದ ವರ್ಷ ನಾನು ಬಿ.ಕಾಂ. ಓದುತ್ತಿದ್ದೆ. ಹೊತ್ತು ಹೋಗದೆ ಮಾವ ಬಾಗಿಲಿನ ತಿರುಗಣೆಗಳಿಗೆಲ್ಲ ಎಣ್ಣೆ ಬಿಟ್ಟರು, ಮುಗಿದ ಮೇಲೆ ಮತ್ತೆ ಬಿಟ್ಟರು. ಅದನ್ನು ನೋಡಲಾರದೆ ಒಂದು ಮಧ್ಯಾಹ್ನ, ನನ್ನ ಓದಿಗೆಂದು ಅವರೇ ತಂದಿದ್ದ ಕಂಪ್ಯೂಟರಿನ ಮುಂದೆ ಕೂರಿಸಿ, ನನ್ನ ಕ್ಲಾಸಿನವರು ಆಡುತ್ತಿದ್ದ ಆನ್‌ಲೈನ್ ಪೋಕರ್ ತೋರಿಸಿದೆ. ಪ್ರತಿಯೊಬ್ಬನ ಕೈಯಲ್ಲಿ ಎರಡು ಎಲೆ, ಎಲ್ಲರಿಗೂ ಸೇರಿ ನಡುವೆ ಐದು. ಒಳ್ಳೆಯ ಎಲೆ ಇದ್ದವನೂ ಪಣ ಏರಿಸಬಹುದು, ಏನೂ ಇಲ್ಲದವನು ಹೆದರಿಸಲೆಂದೂ ಏರಿಸಬಹುದು. ಇಷ್ಟನ್ನು ಮಾವ ಕಾಲು ಗಂಟೆಯಲ್ಲಿ ಹಿಡಿದರು. ಚಿಕ್ಕಂದಿನಲ್ಲಿ ಅರಳಿಕಟ್ಟೆಯ ಮೇಲೆ ಇಸ್ಪೀಟು ಆಡಿದ ಕೈ.

"ಆದ್ರೆ ಎದುರಿಗಿರೋನ ಮುಖಾನೇ ಕಾಣಲ್ವಲ್ಲಮ್ಮ? ಮುಖ ಕಾಣ್ದೆ ಹೆಂಗೆ ಆಡೋದು?" ಎಂದರು.

ಒಂದು ವಾರದ ಮೇಲೆ ಅವರೇ ಉತ್ತರ ಕಂಡುಕೊಂಡಿದ್ದರು. "ಮುಖ ಇಲ್ದಿದ್ರೇನು, ಉಸಿರು ಐತೆ ನೋಡು. ಒತ್ತೋಕೆ ಎಷ್ಟು ಹೊತ್ತು ತಗೋತಾನೆ ಅನ್ನೋದೇ ಉಸಿರು. ಈ ನನ್ಮಗ ಥಟ್ಟಂತ ಏರಿಸ್ದ. ಹೆದರಿದಾನೆ. ಭಯ ಇರೋದು ಒದಿಯತ್ತೆ. ಶಕ್ತಿ ಇರೋದು ನಿಂತ್ಕೊಂಡು ನೋಡತ್ತೆ."

ಎದುರಾಳಿಗಳ ಬಗ್ಗೆ ಅವರು ಬರೆದಿಟ್ಟ ನೋಟ್‌ಬುಕ್ ಈಗ ನನ್ನ ಬಳಿ ಇದೆ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಪುಟ. ಬರೆದಿರುವ ರೀತಿ ಮಾತ್ರ ಆಸ್ಪತ್ರೆಯ ಚೀಟಿಯದು. 'ಹತ್ತಿರ ಹೋದರೆ ಹಿಂದೆ ಸರಿಯುತ್ತದೆ. ಸೋತ ಮೇಲೆ ಮೂರು ಆಟ ಹಾಯುತ್ತದೆ, ದೂರವಿರುವುದು.' ಇನ್ನೊಬ್ಬನ ಬಗ್ಗೆ: 'ಮೇವು ಕಂಡರೆ ಯೋಚನೆಯಿಲ್ಲ.' ಒಬ್ಬನ ಪುಟದಲ್ಲಿ ಇಷ್ಟೇ: 'ಪಾಪ. ಇದು ಮನೆಗೆ ಹೋಗಬೇಕು.'

ಮೊದಲ ವರ್ಷ ಅವರು ಆಡುತ್ತಿದ್ದುದು ಚಿಲ್ಲರೆ ಕಾಸಿಗೆ. ಮಧ್ಯಾಹ್ನದ ಕಾಫಿ ಕುಡಿದು ಕೂತರೆ ಸೊಪ್ಪಿನವಳು ಬರುವ ಹೊತ್ತಿಗೆ ಎದ್ದುಬಿಡುತ್ತಿದ್ದರು. ಒಂದು ಭಾನುವಾರ ನೂರಾರು ಜನ ಸೇರಿದ್ದ ಟೂರ್ನಮೆಂಟಿಗೆ ಸೇರಿ, ಊಟವನ್ನೂ ಬಿಟ್ಟು ಆಡಿ, ಕೊನೆಯಲ್ಲಿ ಒಬ್ಬರೇ ಉಳಿದರು. ನಾನು ಕಿರುಚಿದ್ದಕ್ಕೆ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬಂದ ಹಣ ಅವರ ಪೆನ್ಷನ್ನಿನ ಒಂದು ವರ್ಷದ ಮೊತ್ತಕ್ಕೂ ಹೆಚ್ಚು. ಮಾರನೆಯ ದಿನ ಅತ್ತೆಗೆ ವಾಷಿಂಗ್ ಮೆಷಿನ್ ಬಂತು. ಅದು ಮೊದಲ ಸಲ ತಿರುಗಿದಾಗ ಮಾವ ಅದರ ಮುಂದೆ ಸ್ಟೂಲು ಹಾಕಿಕೊಂಡು ಪೂರ್ತಿ ಮುಗಿಯುವ ತನಕ ನೋಡಿದರು.

ಆ ಗೆಲುವು ಅವರನ್ನು ಕೆಡಿಸಿತು. ಸಣ್ಣ ಪಣದ ಮೇಜು ಬಿಟ್ಟು ದೊಡ್ಡ ಪಣದ ಮೇಜಿಗೆ ಹೋದರು. ಅಲ್ಲಿ ಆಡುವವರು ಹಗಲೆಲ್ಲ ಅದನ್ನೇ ದುಡಿಮೆ ಮಾಡಿಕೊಂಡವರು, ಉಸಿರು ಕೇಳಿಸದವರು. ನೋಟ್‌ಬುಕ್ಕಿನಲ್ಲಿ ಬರೆಯುವುದು ನಿಂತಿತು. ತಟ್ಟೆಯಲ್ಲಿ ಮುದ್ದೆ ಆರಿ ಗಟ್ಟಿಯಾಗುತ್ತಿತ್ತು. ಭಾನುವಾರ ಗೇಟಿಗೆ ಬಂದವರಿಗೆ ಒಳಗಿನಿಂದಲೇ "ನಾಳೆ ಆಸ್ಪತ್ರೆಗೇ ಹೊಡ್ಕೊಂಡು ಹೋಗ್ರಪ್ಪ" ಎಂದು ಹೇಳಿ ಕಳಿಸತೊಡಗಿದರು. ಆರು ತಿಂಗಳಲ್ಲಿ ಗೆದ್ದದ್ದೆಲ್ಲ ಹೋಯಿತು. ಆಮೇಲೆ, ನನ್ನ ಎಂ.ಬಿ.ಎ. ಫೀಸಿಗೆಂದು ಅವರು ಬ್ಯಾಂಕಿನಲ್ಲಿ ಇಟ್ಟಿದ್ದ ಠೇವಣಿಯೂ ಹೋಯಿತು.

ಅದನ್ನು ಅವರು ಅತ್ತೆಗೆ ಹೇಳಲಿಲ್ಲ, ನನಗೆ ಹೇಳಿದರು. ನಾನು ಬಟ್ಟೆ ಮಡಿಸುತ್ತಿದ್ದೆ. ಬಂದು ಎದುರಿಗೆ ಕೂತು, ಒಂದು ಟವೆಲನ್ನು ತಾವೂ ಮಡಿಸಿ, "ನಿನ್ ದುಡ್ಡು ಮುಟ್ಟಿಬಿಟ್ಟೆ ಕಣಮ್ಮ. ಜೂನ್ ಒಳಗೆ ತುಂಬಿಸ್ತೀನಿ," ಎಂದರು. ನನಗೆ ಸಿಟ್ಟು ಬರಲಿಲ್ಲ. ಇಷ್ಟಕ್ಕೆಲ್ಲ ಮೊದಲು ಮಾಡಿದವಳು ನಾನು ಎಂಬುದು ಮನಸ್ಸಿನಲ್ಲಿತ್ತು. "ಆಗ್ಲಿ ಮಾವ, ನೀವು ಗೆಲ್ತೀರ," ಎಂದುಬಿಟ್ಟೆ. ಅದು ನಾನು ಆಡಬಾರದಿದ್ದ ಮಾತು.

ಮೇ ತಿಂಗಳ ಒಂದು ಭಾನುವಾರ. ಅತ್ತೆ ಗೃಹಪ್ರವೇಶವೊಂದಕ್ಕೆ ಯಲಹಂಕಕ್ಕೆ ಹೋಗಿದ್ದಳು. ಮಾವ ಬೆಳಗ್ಗೆಯಿಂದ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಟೂರ್ನಮೆಂಟ್ ಆಡುತ್ತಿದ್ದರು. ತಿಂಗಳುಗಳ ಮೇಲೆ ಅಂದು ಆಟ ಕೂಡಿ ಬಂದಿತ್ತು. ಮಧ್ಯಾಹ್ನ ಎರಡೂವರೆಗೆ ಕೊನೆಯ ಆರು ಜನರಲ್ಲಿ ಒಬ್ಬರಾಗಿದ್ದರು. ಟೂರ್ನಮೆಂಟಿನಲ್ಲಿ ನಡುವೆ ಎದ್ದರೆ ಆಟ ಕಾಯುವುದಿಲ್ಲ. ನೀವು ಇಲ್ಲದಿದ್ದರೂ ಸುತ್ತು ಸುತ್ತಿಗೂ ನಿಮ್ಮ ಪಾಲು ಕರಗುತ್ತಾ ಹೋಗುತ್ತದೆ.

ಆಗ ಗೇಟಿನ ಸದ್ದಾಯಿತು. ಬಾಗಲಗುಂಟೆಯ ಹಸುವಿನವರೊಬ್ಬರು. ನಾಲ್ಕು ಹಸು ಕಟ್ಟಿಕೊಂಡು ಹಾಲು ಹಾಕುತ್ತಿದ್ದವರು, ಮಾವನಿಗೆ ಹಳೆಯ ಪರಿಚಯ. ಬೈಕನ್ನು ಸ್ಟ್ಯಾಂಡ್ ಕೂಡ ಹಾಕದೆ ಗೋಡೆಗೆ ಒರಗಿಸಿದ್ದರು.

"ಡಾಕ್ಟ್ರಿದ್ದಾರೇನವ್ವ? ಅಸು ಕರಾ ಆಕಕ್ಕಾಯ್ತಿಲ್ಲ. ಬೆಳಗ್ಗಿಂದ ತಿಣುಕ್ತಾ ಐತೆ. ಒಂದು ಕಾಲು ಕಾಣ್ತಾ ಐತೆ, ತಲೆ ತಿರುಗ್ಬುಟ್ಟೈತೆ. ಯಾವ ಡಾಕ್ಟ್ರೂ ಫೋನ್ ಎತ್ತಾಯಿಲ್ಲ."

ನಾನು ಒಳಗೆ ಹೋದೆ. ಪರದೆಯ ಮೇಲೆ ಐದು ಜನ ಉಳಿದಿದ್ದರು. ಮಾವ ತಲೆ ಎತ್ತಲಿಲ್ಲ.

"ಬಾಗಲಗುಂಟೆಯಿಂದ ಬಂದಿದಾರೆ ಮಾವ," ಎಂದೆ.

"ಏನಂತೆ?"

'ಕರು' ಎಂಬ ಒಂದು ಮಾತು ಹೇಳಿದ್ದರೆ ಅವರು ಏಳುತ್ತಿದ್ದರು. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಅವರ ಮುಂದಿದ್ದ ಆಟದಲ್ಲಿ ನನ್ನ ಫೀಸಿತ್ತು, ಅದೂ ಗೊತ್ತಿತ್ತು. "ಹಸು ವಿಷಯ ಏನೋ," ಎಂದೆ.

"ಹತ್ತು ನಿಮಿಷ ಕೂರಿಸು."

ಕಾಫಿ ಮಾಡಿ ಕೊಟ್ಟೆ. ಹಸುವಿನವರು ಕೂರಲಿಲ್ಲ. ಲೋಟವನ್ನು ಕಟ್ಟೆಯ ಮೇಲಿಟ್ಟು ರಸ್ತೆಯನ್ನೇ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿನ ಮೇಲೆ "ಡಾಕ್ಟ್ರಿಗೆ ಇನ್ನೊಂದ್ಸಲ ಏಳವ್ವ," ಎಂದರು. ನಾನು ಮತ್ತೆ ಒಳಗೆ ಹೋಗಿ "ಅರ್ಜೆಂಟಂತೆ" ಎಂದೆ. "ಇನ್ನಿಬ್ಬರೇ ಕಣಮ್ಮ," ಎಂದರು ಮಾವ. ಅವರ ಕತ್ತಿನ ಹಿಂದೆ ಬೆವರು ಹರಿಯುತ್ತಿತ್ತು. ಹೊರಗೆ ಬಂದು "ಬರ್ತಿದಾರೆ" ಎಂದೆ. ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಮಾವ ಗೆದ್ದು ಹೊರಗೆ ಬಂದಾಗ ಐವತ್ತು ನಿಮಿಷ ಕಳೆದಿತ್ತು. ಮುಖದಲ್ಲಿ ನಗುವಿತ್ತು. ಎದುರಿಗಿದ್ದವರ ಮುಖ ನೋಡಿದ ಕ್ಷಣದಲ್ಲಿ ಆ ನಗು ಇಳಿಯಿತು. "ಕರುವೇನೋ?" ಎಂದು ಕೇಳಿದರು. ಉತ್ತರಕ್ಕೂ ಕಾಯದೆ ಮೊಪೆಡ್ಡಿನತ್ತ ಓಡಿದರು. ನಾನು ಹಿಂದೆ ಹತ್ತಿ ಕೂತೆ.

ಕೊಟ್ಟಿಗೆಯಲ್ಲಿ ಹಸು ಮಲಗಿಬಿಟ್ಟಿತ್ತು. ಮಾವ ಶರ್ಟು ಬಿಚ್ಚಿ, ಭುಜದ ತನಕ ಸೋಪು ಹಚ್ಚಿ, ಮಂಡಿಯೂರಿ ಕೂತು ಕೈ ಒಳಗೆ ಹಾಕಿದರು. "ಆಯ್ತು, ಆಯ್ತು, ಆಯ್ತಮ್ಮ," ಎಂದು ಹಸುವಿಗೆ ಹೇಳುತ್ತಲೇ ಇದ್ದರು. ತಲೆ ತಿರುಗಿಸಿ ಸರಿ ಮಾಡಿ ಹೊರಗೆ ಎಳೆಯಲು ಬಹಳ ಹೊತ್ತು ಹಿಡಿಯಿತು. ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಹೆಣ್ಣು ಕರು. ಉಸಿರಿರಲಿಲ್ಲ. ಮೂಗಿನ ಲೋಳೆ ತೆಗೆದರು, ಊದಿದರು, ಗೋಣಿಚೀಲದಲ್ಲಿ ತಿಕ್ಕಿದರು, ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತಿದರು, ಮತ್ತೆ ತಿಕ್ಕಿದರು. ಸಾಕು ಎಂದು ಯಾರಾದರೂ ಹೇಳಬೇಕಿತ್ತು. ಹಸುವಿನವರೇ ಹೇಳಿದರು.

"ಬುಡಿ ಸ್ವಾಮಿ. ಓಗ್ಲಿ. ತಾಯಿ ಉಳೀತಲ್ಲ."

ಮಾವ ನೆಲದ ಮೇಲೆ ಕೂತೇ ಹೇಳಿದರು. "ಅರ್ಧ ಗಂಟೆ ಮುಂಚೆ ಬಂದಿದ್ರೆ ಬದುಕ್ತಿತ್ತು. ನಾನು ಒಳಗೆ ಇಸ್ಪೀಟ್ ಆಡ್ತಾ ಕೂತಿದ್ದೆ ಕಣಪ್ಪ."

ಹಸುವಿನವರು ತೊಟ್ಟಿಯಿಂದ ಚೊಂಬಿನಲ್ಲಿ ನೀರು ಮೊಗೆದು ತಂದು, ಮಾವನ ಕೈಗೆ ಹೊಯ್ದರು. ಮೂರು ಚೊಂಬು. ಮಾವ ಕೈ ತೊಳೆದುಕೊಳ್ಳುತ್ತಾ ಅಳುತ್ತಿದ್ದರು.

ನಾನು ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದೆ. ನಾನೇ ಹೇಳಲಿಲ್ಲ ಎಂಬ ಮಾತು ಬಾಯಿಗೆ ಬಂತು, ಅಲ್ಲೇ ಉಳಿಯಿತು.

ಜೂನಿನಲ್ಲಿ ನನ್ನ ಫೀಸು ಕಟ್ಟಿದರು. ಯಾವ ಹಣ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅತ್ತೆಗೆ ಮಾತ್ರ ಠೇವಣಿಯಿಂದ ಹಿಡಿದು ಕರುವಿನ ತನಕ ಎಲ್ಲವನ್ನೂ ಹೇಳಿಬಿಟ್ಟರು. ನನ್ನ ಹೆಸರು ಆ ಕತೆಯಲ್ಲಿ ಎಲ್ಲೂ ಬರಲಿಲ್ಲ. ಅತ್ತೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಹೇಳಿದಳು: "ಆಡ್ಬೇಡಿ ಅಂತ ನಾನ್ ಹೇಳಲ್ಲ ರೀ. ನಾನ್ ಹೇಳಿ ಬಿಟ್ರೆ ಅದು ಬಿಟ್ಟಂಗಲ್ಲ. ಆಡೋದಾದ್ರೆ ಕಿವಿ ಹೊರಗಿಟ್ಟು ಆಡಿ."

ಮಾವ ಆರು ತಿಂಗಳು ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಂದು ದಿನ ಅದನ್ನು ಹೊತ್ತು ತಂದು ಮುಂದಿನ ಹಾಲಿನಲ್ಲಿ, ಗೇಟು ಕಾಣುವಂತೆ ಇಟ್ಟರು. ಟೂರ್ನಮೆಂಟು ಬಿಟ್ಟರು. ಯಾವಾಗ ಬೇಕಾದರೂ ಎದ್ದು ಹೋಗಬಹುದಾದ, ಕಡಿಮೆ ಪಣದ ಮೇಜಿನಲ್ಲಿ ದಿನಕ್ಕೆ ಒಂದು ಗಂಟೆ ಆಡುತ್ತಿದ್ದರು. ಗೆಲ್ಲುತ್ತಿದ್ದುದು ಕಡಿಮೆ, ಏಕೆಂದರೆ ಗೇಟು ಸದ್ದಾದರೆ ಸಾಕು, ಎಂಥ ಎಲೆ ಇದ್ದರೂ ಎದ್ದುಬಿಡುತ್ತಿದ್ದರು. ಒಮ್ಮೆ ಕೈಯಲ್ಲಿ ಎರಡು ರಾಜ ಇದ್ದಾಗ ಬೀದಿನಾಯಿಯ ಕಾಲಿಗೆ ಪಟ್ಟಿ ಕಟ್ಟಲು ಹೋದರು. "ಮಾವ, ಜೋಡಿ ರಾಜ!" ಎಂದು ನಾನು ಕೂಗಿದೆ. "ರಾಜಂಗೇನಮ್ಮ, ಇನ್ನೊಂದ್ಸಲ ಬರ್ತಾನೆ," ಎಂದು ನಡೆದೇಬಿಟ್ಟರು. ನೋಟ್‌ಬುಕ್ಕಿನಲ್ಲಿ ಮತ್ತೆ ಪುಟಗಳು ತುಂಬತೊಡಗಿದವು.

ಬಾಗಲಗುಂಟೆಯ ಆ ಮನೆಗೆ ಅವರು ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದರು. ಅದೇ ಹಸು ಮತ್ತೆ ಗಬ್ಬವಾಗಿ ದಿನ ತುಂಬಿದಾಗ, ಬೆಳಗ್ಗೆ ಹಾಲಿನ ಗಾಡಿ ಬರುವ ಹೊತ್ತಿಗೇ ಅಲ್ಲಿಗೆ ಹೋಗಿ ಕೂತರು. ಅವರು ಏನೂ ಮಾಡಬೇಕಾಗಲಿಲ್ಲ, ಹಸು ತಾನಾಗಿ ಕರು ಹಾಕಿತು. ಗಂಡು. ಮಾರನೆಯ ದಿನ ಹಸುವಿನವರು ಮನೆಗೆ ಗಿಣ್ಣು ತಂದುಕೊಟ್ಟರು. ಮಾವ ಒಂದು ಚಮಚ ಬಾಯಿಗಿಟ್ಟುಕೊಂಡು, ತಟ್ಟೆಯನ್ನು ನನ್ನ ಕಡೆ ಸರಿಸಿದರು.

ನಾನು ಓದು ಮುಗಿಸಿ, ಯಶವಂತಪುರದ ಒಂದು ಗೋದಾಮಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮಾವನ ಹೃದಯ ಸೋಲತೊಡಗಿತು. ಕೊನೆಯ ವಾರ ಅವರು ಹೆಬ್ಬಾಳದ ಒಂದು ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿದ್ದರು. ಕಿಟಕಿಯಿಂದ ಫ್ಲೈಓವರ್ ಮೇಲೆ ವಿಮಾನ ನಿಲ್ದಾಣದ ಕಡೆಗೆ ಓಡುವ ವಾಹನಗಳು ಕಾಣುತ್ತಿದ್ದವು. ಅತ್ತೆ ಊಟಕ್ಕೆ ಕೆಳಗೆ ಹೋಗಿದ್ದಾಗ ನಾನು ಹೇಳಿದೆ.

"ಮಾವ, ಅವತ್ತು ಹಸು ಕರು ಹಾಕ್ತಿದೆ ಅಂತ ಬಾಗಲಗುಂಟೆಯವರು ನಂಗೆ ಹೇಳಿದ್ರು. ನಾನು ನಿಮಗೆ ಹೇಳ್ಲಿಲ್ಲ. ಬೇಕಂತಲೇ."

ಅವರು ನನ್ನನ್ನು ನೋಡಿದರು. ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ನಂಗ್ ಕೇಳಿಸಿತ್ತು ಕಣಮ್ಮ. ಗೇಟಲ್ಲಿ ಅವ್ನು ಕಾಲು ಕಾಣ್ತಾ ಐತೆ ಅಂದಿದ್ದು ನಂಗೇ ಕೇಳಿಸ್ತು. ಗೊತ್ತಿದ್ದೇ ಕೂತಿದ್ದೆ. ನೀನದನ್ನ ಇಟ್ಕೋಬೇಡ."

ಆಮೇಲೆ ಕಣ್ಣು ಮುಚ್ಚಿದರು. ನಾಲ್ಕು ದಿನದ ಮೇಲೆ ಹೋದರು.

ಆ ಭಾನುವಾರ ಒಳಕೋಣೆಯ ಬಾಗಿಲು ಮುಚ್ಚಿತ್ತು, ಫ್ಯಾನು ಜೋರಾಗಿ ತಿರುಗುತ್ತಿತ್ತು. ಗೇಟಿನ ಮಾತು ಅವರಿಗೆ ನಿಜವಾಗಿ ಕೇಳಿಸಿತ್ತೋ, ನನ್ನ ಹೊರೆ ಇಳಿಸಲು ಹಾಗೆ ಹೇಳಿದರೋ. ಮಾವ ಹೋದ ಮೇಲೆ ನಾನು ಹಲವು ಸಲ ಆ ಕೋಣೆಯಲ್ಲಿ ಬಾಗಿಲು ಹಾಕಿ, ಫ್ಯಾನು ಹಾಕಿ ಕೂತು, ಗೇಟಿನ ಹತ್ತಿರ ನಿಂತು ಏನಾದರೂ ಮಾತಾಡುವಂತೆ ಅತ್ತೆಗೆ ಹೇಳಿದ್ದೇನೆ. ಯಾಕೆ ಎಂದು ಅವಳು ಕೇಳಿಲ್ಲ. ಹೋಗಿ ನಿಂತು ಮಾತಾಡುತ್ತಾಳೆ. ಒಂದು ಸಲ ಕೇಳಿಸುತ್ತದೆ, ಒಂದು ಸಲ ಕೇಳಿಸುವುದಿಲ್ಲ.