ಎಳೆದು ನೋಡಿದ ತಂತಿ

ಯಾವುದೋ ಅಣುಸ್ಥಾವರ ತಾನಾಗಿಯೇ ನಿಂತಿತು ಎಂದು ಪೇಪರಿನಲ್ಲಿ ಎರಡು ಸಾಲು ಬಂದರೆ ಸಾಕು, ಪುಣೆಯ ಬಿಬವೇವಾಡಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಮೆಟ್ಟಿಲ ಮೇಲೆ ಯಾರಾದರೂ ನನ್ನನ್ನು ಅಡ್ಡಗಟ್ಟುತ್ತಿದ್ದರು. "ಏನ್ರೀ, ನಿಮ್ದು ಸಿಡೀತಂತ?" ನನ್ನದು ಏನು ಸಿಡಿಯಬೇಕು? ಭೋಸರಿಯ ಒಂದು ಕಾರ್ಖಾನೆಯಲ್ಲಿ ಕಂಟ್ರೋಲ್ ಪ್ಯಾನೆಲ್ ಪರೀಕ್ಷಿಸುವ ಎಂಜಿನಿಯರ್ ನಾನು. ಪ್ಯಾನೆಲ್ ಎಂದರೆ ಕಬ್ಬಿಣದ ಕಪಾಟುಗಳ ಸಾಲು, ಒಳಗೆ ತಂತಿ, ರಿಲೇ ಎನ್ನುವ ಪುಟ್ಟ ಸ್ವಿಚ್ಚುಗಳು, ಅಷ್ಟೇ. ಅವುಗಳಲ್ಲಿ ಕೆಲವು ಅಣುಸ್ಥಾವರಕ್ಕೆ ಹೋಗುತ್ತಿದ್ದವು ಎಂಬ ಒಂದೇ ಕಾರಣಕ್ಕೆ ನಮ್ಮ ಅತ್ತೆ ವಿಜಾಪುರದ ತುಂಬ "ನಮ್ಮ ಅಳಿಯಾ ಬಾಂಬಿನ ಕೆಲಸದಾಗ ಇದ್ದಾನ" ಎಂದು ಸಾರಿಬಿಟ್ಟಿದ್ದರು. ತಿದ್ದಿ ತಿದ್ದಿ ನನಗೆ ಸಾಕಾಯಿತು, ಅವರಿಗೆ ಹೇಳಿ ಸಾಕಾಗಲಿಲ್ಲ.

ಸಿಡಿಯುವುದಲ್ಲ, ನಿಲ್ಲುವುದು. ಇದನ್ನು ಎಷ್ಟು ಸಲ ಹೇಳಿದ್ದೇನೋ. ಸ್ಥಾವರಕ್ಕೆ ಮೂವರು ಕಾವಲುಗಾರರಿದ್ದಾರೆ ಅಂದುಕೊಳ್ಳಿ. ಮೂವರಲ್ಲಿ ಯಾರಾದರೂ ಇಬ್ಬರು "ಬಂದ್ ಮಾಡು" ಎಂದರೆ, ಯಾರನ್ನೂ ಕೇಳದೆ ಇಡೀ ಸ್ಥಾವರ ಕ್ಷಣದಲ್ಲಿ ನಿಲ್ಲುತ್ತದೆ. ಆ ಕಾವಲುಗಾರರೇ ನಮ್ಮ ಕಪಾಟುಗಳ ರಿಲೇಗಳು, ಒಬ್ಬೊಬ್ಬನಿಗೆ ಒಂದೊಂದು ಕಪಾಟು. ವಿದ್ಯುತ್ ಹರಿಯುವವರೆಗೆ ಸುಮ್ಮನಿರುತ್ತವೆ. ತಂತಿ ಕಡಿದರೂ, ಸಡಿಲವಾದರೂ, ಧೂಳು ಕೂತರೂ ಅವು ಹೇಳುವುದು ಒಂದೇ ಮಾತು, ಬಂದ್ ಮಾಡು. ಅಪಾಯವೇನೂ ಇಲ್ಲ. ಆದರೆ ಹಾಗೆ ನಿಂತದ್ದನ್ನು ಸ್ಕೂಟರಿನ ಹಾಗೆ ಕಿಕ್ ಹೊಡೆದು ಶುರುಮಾಡಲು ಬರುವುದಿಲ್ಲ. ಒಂದೆರಡು ದಿನ ಕಾಯಬೇಕು, ಕಾರಣ ಹುಡುಕಬೇಕು, ಯಾರದೋ ಹೆಸರು ಬರೆಯಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ದಸರಾದ ಹೊತ್ತಿಗೆ ಅಂಥ ಮೂರು ಕಪಾಟಿನ ಒಂದು ಪ್ಯಾನೆಲ್ ನಮ್ಮಲ್ಲಿಂದ ಹೊರಟಿತು. ಸಂಕ್ರಾಂತಿಯ ಹೊತ್ತಿಗೆ ಅದು ಹೋಗಿ ಸೇರಿದ ಸ್ಥಾವರ ಎರಡು ಸಲ ನಿಂತಿತ್ತು. ಎರಡೂ ಸಲ ಆದದ್ದು ಒಂದೇ. ಅಲ್ಲಿಯವರು ವಾರದ ಪರೀಕ್ಷೆಗೆಂದು ಮೊದಲನೇ ಕಾವಲುಗಾರನನ್ನು ಬೇಕೆಂದೇ ಎಬ್ಬಿಸುತ್ತಿದ್ದರು; ಅದೇ ಕ್ಷಣದಲ್ಲಿ ಮೂರನೆಯವನು ಕಾರಣವಿಲ್ಲದೆ ಕೂಗುತ್ತಿದ್ದ. ಇಬ್ಬರಾದರಲ್ಲ, ಬಂದ್.

ಆಮೇಲೆ ಶುರುವಾಯಿತು ಸ್ಥಾವರದವರ ಫ್ಯಾಕ್ಸು. ಬೆಳಿಗ್ಗೆ ಒಂದು, ಊಟದ ಹೊತ್ತಿಗೆ ಒಂದು. ಯಾಕೆ, ಹೇಗೆ, ಯಾರು, ಯಾವಾಗ. ಅದೇ ಪ್ರಶ್ನೆಯನ್ನು ನಾಲ್ಕು ನಮೂನೆಯ ಫಾರ್ಮಿನಲ್ಲಿ ತುಂಬಿ ಕಳಿಸಿ ನನ್ನ ತಲೆ ಚಿಟ್ಟು ಹಿಡಿದುಹೋಯಿತು. ಒಂದು ಮಧ್ಯಾಹ್ನ ಸಿಟ್ಟಿನಲ್ಲಿ, ಕುರ್ಚಿಯಿಂದ ಏಳದೆ, "ಮೂರನೇ ಕಪಾಟಿನಲ್ಲಿ ತಂತಿಯ ತುದಿ ಸಡಿಲವಿರಬಹುದು, ಕೆಲಸಗಾರನ ತಪ್ಪು" ಎಂದು ಗೀಚಿ ಕಳಿಸಿಬಿಟ್ಟೆ. ಪೀಡೆ ತೊಲಗಿತು ಅಂದುಕೊಂಡೆ.

ಆ ಕೆಲಸಗಾರನಿಗೆ ಒಂದು ಮುಖವಿತ್ತು. ಅಕ್ಕಲಕೋಟ ಕಡೆಯವರು, ಮನೆಮಾತು ಕನ್ನಡ, ಮೂವತ್ತು ವರ್ಷದಿಂದ ಅದೇ ಬೆಂಚಿನಲ್ಲಿ ವೈರಿಂಗ್ ಮಾಡುತ್ತಿದ್ದವರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಆ ಮೂರನೇ ಕಪಾಟಿನ ವೈರಿಂಗೂ ಅವರದೇ. ತಂತಿಯ ತುದಿಗೆ ತಾಮ್ರದ ಟೋಪಿ ಒತ್ತಿ ಕೂರಿಸಿದ ಮೇಲೆ ಕಾಕಾ ಅದನ್ನು ಮೂರು ಸಲ ಎಳೆದು ನೋಡುತ್ತಿದ್ದರು. ಒಂದು ಕಪಾಟಿನಲ್ಲಿ ನೂರಾರು ತಂತಿ, ಪ್ರತಿಯೊಂದಕ್ಕೂ ಮೂರು ಸಲ. ಬೆಂಚಿನ ಸಾಲಿನಲ್ಲಿದ್ದವರು ನಗುತ್ತಿದ್ದರು. ನಾನೂ ಒಮ್ಮೆ, "ಕಾಕಾ, ಹಿಂಗ ಎಳಕೋತ ಕೂತ್ರ ಪ್ಯಾನೆಲ್ ಮುಗಿಯೂದ ಯಾವಾಗ?" ಎಂದಿದ್ದೆ. "ಎಳದ ನೋಡೂದು ಚಲೋರಿ ಸಾಹೇಬ್ರ" ಎಂದು ನಾಲ್ಕನೇ ಸಲವೂ ಎಳೆದಿದ್ದರು.

ನನ್ನ ಫ್ಯಾಕ್ಸಿನ ಒಂದು ಸಾಲಿಗೆ ಕಾಕಾ ಸಸ್ಪೆಂಡ್ ಆದರು. ವಿಚಾರಣೆ ಮುಗಿಯುವವರೆಗೆ ಗೇಟಿನ ಒಳಗೆ ಬರುವಂತಿಲ್ಲ; ತಪ್ಪು ಸಾಬೀತಾದರೆ ನೌಕರಿಯಿಂದ ವಜಾ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ಆದರೂ ದಿನಾ ಬೆಳಿಗ್ಗೆ ಎಂಟಕ್ಕೆ ಕಾಕಾ ಹಾಜರ್. ಇಸ್ತ್ರಿ ಮಾಡಿದ ಯೂನಿಫಾರ್ಮ್, ಕೈಯಲ್ಲಿ ಡಬ್ಬಿ. ಗೇಟಿನ ಎದುರಿನ ಚಹಾದ ಟಪರಿಯ ಮರದ ಬಾಕಿನ ಮೇಲೆ ಕೂತು, ಊಟದ ಭೋಂಗಾ ಕೂಗಿದಾಗ ಡಬ್ಬಿ ಬಿಚ್ಚಿ ಉಂಡು, ಸಂಜೆ ಪಾಳಿ ಬಿಟ್ಟಾಗ ಏಳುತ್ತಿದ್ದರು. ಸ್ಕೂಟರ್ ಒಳಗೆ ತಿರುಗಿಸುವಾಗ ದಿನಾ ನನ್ನ ಕಣ್ಣಿಗೆ ಬಿದ್ದು ಮೈ ಉರಿಯುತ್ತಿತ್ತು. ಐದನೇ ದಿನ ಸ್ಕೂಟರ್ ನಿಲ್ಲಿಸಿಯೇ ಬಿಟ್ಟೆ.

"ಇಲ್ಲ್ಯಾಕ ಕೂಡ್ತೀರಿ ಕಾಕಾ? ಮನಿಗೆ ಹೋಗ್ರಿ."

"ಮನ್ಯಾಗ ಹೇಳಿಲ್ರಿ ಸಾಹೇಬ್ರ" ಎಂದರು. "ನಾ ಎಳದ ನೋಡೇನ್ರಿ. ಮೂರು ಸಲ."

"ಆತು, ವಿಚಾರಣಿ ಆಗ್ಲಿ ಬಿಡ್ರಿ" ಎಂದು ಗೇರ್ ಹಾಕಿದೆ. ಇನ್ನೇನು ಹೇಳಲಿ? ನಿಜವಾಗಿ ಹೇಳಬೇಕೆಂದರೆ ಕಾಕಾನ ಮೇಲೆಯೇ ಸಿಟ್ಟು ಬಂದಿತ್ತು. ತಪ್ಪು ಮಾಡಿದವರು ಮನೆಯಲ್ಲಿ ಇರಬಾರದೇ, ದಿನಾ ಎದುರಿಗೆ ಬಂದು ಕೂರಬೇಕೇ?

ಸ್ಥಾವರ ಮೂರನೇ ಸಲ ನಿಂತಿತು. ಆಗ ನನ್ನನ್ನೇ ಅಲ್ಲಿಗೆ ಓಡಿಸಿದರು. ಒಂದಿಡೀ ದಿನದ ರೈಲು, ಆಮೇಲೆ ಜೀಪು, ಆಮೇಲೆ ಮೂರು ಗೇಟಿನಲ್ಲಿ ಮೂರು ಪಾಸು. ಮೂರನೇ ಕಪಾಟಿನ ಒಂದೊಂದು ತಂತಿಯನ್ನೂ ಎಳೆದೆ. ಬೆರಳ ತುದಿ ಕೆಂಪಾಗುವವರೆಗೆ ಎಳೆದೆ. ಒಂದೂ ಜಗ್ಗಲಿಲ್ಲ.

ಉಳಿದದ್ದು ರಿಲೇಗಳು. ಅವಕ್ಕೆ ಗಾಜಿನ ಮುಚ್ಚಳ, ಮುಚ್ಚಳಕ್ಕೆ ಸೀಸದ ಸೀಲು. ಸೀಲು ಒಡೆದರೆ ಗ್ಯಾರಂಟಿ ಹೋಗುತ್ತದೆ ಎಂದು ಅಲ್ಲಿಯ ಪುಣ್ಯಾತ್ಮರು ಮೂರು ತಿಂಗಳು ಅವನ್ನು ಮುಟ್ಟಿಯೇ ಇರಲಿಲ್ಲ. ನಾನೇ ಒಡೆದೆ. ಏಳನೇ ರಿಲೇಯ ಮುಚ್ಚಳ ತೆಗೆದಾಗ, ಎರಡು ಬೆಳ್ಳಿಯ ಗುಂಡಿಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ ಕೆಂಪು ಪುಡಿ ಕಂಡಿತು. ತುಕ್ಕೇನೋ ಎಂದು ಬಿಳಿ ಬಟ್ಟೆಯಿಂದ ಒರೆಸಿದೆ. ತುಕ್ಕಿಗೆ ಅಂಥ ಬಣ್ಣವಿಲ್ಲ. ಅದು ಕುಂಕುಮ. ಮೊದಲನೇ ಕಪಾಟಿನಲ್ಲಿ ಪರೀಕ್ಷೆ ನಡೆದಾಗ ರಿಲೇಗಳು ಟಕಟಕ ಎಂದು ಬಡಿಯುತ್ತವೆ, ಇಡೀ ಸಾಲು ಸಣ್ಣಗೆ ನಡುಗುತ್ತದೆ. ಆ ನಡುಕಕ್ಕೆ ಪುಡಿ ಅಡ್ಡಬಂದು ಕ್ಷಣಮಾತ್ರ ಸಂಪರ್ಕ ತಪ್ಪುತ್ತಿತ್ತು.

ಒಳಗೆ ಕುಂಕುಮ ಹೋದದ್ದು ಹೇಗೆ ಎಂದು ಯೋಚಿಸುವ ಅಗತ್ಯ ಬೀಳಲಿಲ್ಲ. ಮುಚ್ಚಳದ ಮೇಲಿನ ಚೀಟಿಯಲ್ಲಿ ಸಹಿ ಇತ್ತು. ನನ್ನದು. ತಾರೀಖು ಖಂಡೇನವಮಿಯದು.

ನಮ್ಮಲ್ಲಿ ಖಂಡೇನವಮಿಗೆ, ಆಯುಧಪೂಜೆಯ ದಿನ, ಹತಾರಗಳಿಗೆಲ್ಲ ಪೂಜೆ, ಹೊರಡುವ ಪ್ಯಾನೆಲ್ಲಿಗೂ ಪೂಜೆ. ಕುಂಕುಮ ಬಾಗಿಲಿನ ಹೊರಮೈಗೆ ಮಾತ್ರ ಹಚ್ಚಬೇಕೆಂದು ನೋಟೀಸು ಹಚ್ಚಿದವನು ನಾನು. ರಿಲೇಯ ಒಳಗೆ ಬರಿಗೈ ಹಾಕಬಾರದೆಂದು ಎಲ್ಲರ ಮೇಲೂ ಹರಿಹಾಯುತ್ತಿದ್ದವನೂ ನಾನೇ. ಆ ದಿನ ಹಿರಿಯನೆಂದು ನನ್ನ ಕೈಯಿಂದಲೇ ಹೊಸ ಪ್ಯಾನೆಲ್ಲಿಗೆ ಕುಂಕುಮ ಹಚ್ಚಿಸಿದರು. ಅಷ್ಟರಲ್ಲಿ ಮ್ಯಾನೇಜರು ಓಡಿಬಂದು, ಮುಹೂರ್ತ ಮೀರುತ್ತದೆ, ಲಾರಿ ಹೊರಡಬೇಕು, ಏಳನೇ ರಿಲೇ ಇನ್ನೊಮ್ಮೆ ನೋಡಿಬಿಡು ಎಂದರು. ಮುಚ್ಚಳ ತೆಗೆದು, ಬೆರಳಿನಿಂದಲೇ ಒತ್ತಿ ನೋಡಿ, ಮುಚ್ಚಿ, ಸೀಲು ಹಾಕಿದೆ. ಕೈ ತೊಳೆದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದವನೂ ನಾನು, ಜ್ವರ ಬಂದ ಎತ್ತೂ ನಾನು.

ಪುಣೆಗೆ ಬಂದು ಮ್ಯಾನೇಜರಿಗೆ ಎಲ್ಲ ಹೇಳಿದೆ. ಅವರು ತಲೆ ಹಿಡಿದುಕೊಂಡರು. ಕುಂಕುಮದಿಂದ ಅಣುಸ್ಥಾವರ ನಿಂತಿತೆಂದು ಬರೆದರೆ ನಾಲ್ಕು ಜನ ನಗುವುದಿಲ್ಲವೇ, ಮುಂದೆ ನಮಗೆ ಯಾರು ಕೆಲಸ ಕೊಡುತ್ತಾರೆ ಎಂದು ಮರಾಠಿಯಲ್ಲಿ ಅರ್ಧ ತಾಸು ಕೂಗಾಡಿದರು. ಸಡಿಲ ತಂತಿ ಎಂದರೆ ಮರ್ಯಾದೆಯ ಕಾರಣ, ಎಲ್ಲರ ಕಾರ್ಖಾನೆಯಲ್ಲೂ ಆಗುವಂಥದ್ದು. ಹೇಗೂ ಬರೆದಾಗಿದೆ, ಹಾಗೇ ಇರಲಿ ಎಂದರು. ಹೋಗುವ ಮರ್ಯಾದೆ ಯಾರದು? ಗೇಟಿನ ಹೊರಗೆ ಬಾಕಿನ ಮೇಲೆ ಕೂತವರದ್ದಲ್ಲವೇ? ಜಗಳ ಎರಡು ದಿನ ನಡೆಯಿತು. ಕಡೆಗೆ ನಾನೇ ಬರೆದು, ಸಹಿ ಹಾಕಿ, ನಾನೇ ಫ್ಯಾಕ್ಸ್ ಮಾಡಿದೆ. ಸೀಲು ಹಾಕುವ ಇಕ್ಕಳ ನನ್ನಿಂದ ಕಸಿದುಕೊಂಡರು. ಕಾಕಾನನ್ನು ಮರುದಿನ ಒಳಗೆ ಕರೆಯಲು ಒಪ್ಪಿದರು.

ಸುದ್ದಿ ಹೇಳಲು ಊಟದ ಹೊತ್ತಿಗೆ ಟಪರಿಗೆ ಹೋದೆ. ಕಾಕಾ ಡಬ್ಬಿ ಬಿಚ್ಚಿದ್ದರು. ರೊಟ್ಟಿ, ಕಡಲೆಹಿಟ್ಟಿನ ಝುಣಕ. ಎಲ್ಲ ಹೇಳಿದೆ, ಕುಂಕುಮದ್ದೂ, ಸಹಿಯದ್ದೂ. ನಕ್ಕಾರು, ಇಲ್ಲವೇ ಬೈದಾರು ಅಂದುಕೊಂಡಿದ್ದೆ. ಅವರು ಅರ್ಧ ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟರು.

"ಕುಂಕುಮದ ಮಾತು ಬಿಡ್ರಿ, ಕೈ ಅಂದಮ್ಯಾಲ ತಪ್ಪತದ" ಎಂದರು. "ನನ್ನ ಬೆಂಚು ನಿಮ್ಮ ಖುರ್ಚಿಯಿಂದ ಇಪ್ಪತ್ತು ಹೆಜ್ಜಿ ಅದರಿ. ಬರಿಯೂಕಿಂತ ಮೊದ್ಲ ಒಮ್ಮೆ ಬಂದು ಕೇಳಲಿಲ್ಲಲ್ರಿ ನೀವು."

ನೀರು ಕೇಳಲೂ ನಾಚಿಕೆಯಾಗಿ ಆ ಅರ್ಧ ರೊಟ್ಟಿಯನ್ನು ಒಣದಾಗಿಯೇ ತಿಂದು ಮುಗಿಸಿದೆ.

ಕಾಕಾ ಮತ್ತೆರಡು ದಸರಾ ನಮ್ಮ ಜೊತೆ ಕಳೆದರು. ಎರಡೂ ಸಲ ಪೂಜೆಯ ತಾಟು ಹಿಡಿದು ನನ್ನ ಬಳಿ ಬಂದು, ತಾವೇ ನನ್ನ ಹಣೆಗೆ ಕುಂಕುಮ ಹಚ್ಚಿ, ತಾಟು ಮುಟ್ಟಲು ಬಿಡದೆ ಮುಂದೆ ಹೋದರು. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಕಾಕಾ ನಗಲಿಲ್ಲ.